ಅಮ್ಮ ಒಬ್ಬರೇ ಸ್ನಾನ ಮಾಡಿ ಬಂದರು

ನಿನ್ನೆ ಬೆಳಗ್ಗೆ ಅಮ್ಮ ಬಚ್ಚಲಿನ ಬಾಗಿಲು ಹಾಕಿಕೊಂಡು, ಒಬ್ಬರೇ ಸ್ನಾನ ಮಾಡಿ ಬಂದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ 7 ತಿಂಗಳಾಗಿತ್ತು. ನಾನು ಹೊರಗೆ ನಿಂತು ಚೊಂಬಿನ ಸದ್ದು ಕೇಳುತ್ತಿದ್ದೆ. ಕಣ್ಣು ತುಂಬಿ ಬಂತು.

ನಮ್ಮದು ಸಾಗರದ ಕಡೆಯ ಹಳೇ ಮನೆ. ಬಚ್ಚಲಿಗೆ ಎತ್ತರದ ಹೊಸ್ತಿಲು, ಒಳಗೆ ನುಣ್ಣನೆಯ ಕಲ್ಲು, ಮಳೆಗಾಲದಲ್ಲಿ ಪಾಚಿ. ಅವತ್ತು ಜಾರಿದಾಗ ಅಮ್ಮ ಟವೆಲ್ ರಾಡ್ ಹಿಡಿದರು. ಅದು ಕೈಗೇ ಕಿತ್ತು ಬಂತು. ಬಟ್ಟೆಯ ಭಾರಕ್ಕೆ ಹಾಕಿದ್ದು ಮನುಷ್ಯರ ಭಾರ ತಡೆಯುತ್ತದೆಯೇ? ಬಾಗಿಲು ಬೇರೆ ಒಳಕ್ಕೆ ತೆರೆಯುವಂಥದ್ದು. ಅಮ್ಮ ಅದಕ್ಕೆ ಅಡ್ಡ ಬಿದ್ದಿದ್ದರು. ತಳ್ಳಿದರೆ ಅವರಿಗೇ ಪೆಟ್ಟು. ಆ ಹೊತ್ತು ನೆನೆದರೆ ಈಗಲೂ ಕೈ ನಡುಗುತ್ತದೆ.

ಮೊದಲ ನಮಸ್ಕಾರ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್‌ಗೆ. ಅಮ್ಮ ಹಿಡಿದು ಏಳಲು ಬಚ್ಚಲಿನ ಗೋಡೆಗೆ ಹಿಡಿಕೆ ಎಲ್ಲಿ ಹಾಕಬೇಕು ಎಂದು ನಾವು ಅಣ್ಣತಮ್ಮಂದಿರು ಟೇಪು ಹಿಡಿದು ಚರ್ಚೆ ಮಾಡುತ್ತಿದ್ದೆವು. ಅವರು ಅಮ್ಮನ ಕೈಗೆ ಸೀಮೆಸುಣ್ಣ ಕೊಟ್ಟರು. "ಕೂತ್ಕೊಳ್ಳಿ, ನಿಧಾನ ಏಳಿ. ಕೈ ಎಲ್ಲಿಗೆ ಹೋಗುತ್ತೋ ಅಲ್ಲಿ ಗೀಟು ಹಾಕಿ" ಎಂದರು. ನಾವು ಅಂದುಕೊಂಡಿದ್ದಕ್ಕಿಂತ ನಾಲ್ಕು ಬೆರಳು ಕೆಳಗೆ ಬಿತ್ತು ಗೀಟು. ಅಮ್ಮನನ್ನೇ ಕೇಳಬೇಕಿತ್ತು, ಅಲ್ವಾ? ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಗಾರೆ ಮೇಸ್ತ್ರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಮ್ಮ ಜಂಬಿಟ್ಟಿಗೆ (ಮೆತ್ತನೆಯ ಕೆಂಪು ಕಲ್ಲು) ಗೋಡೆಯಲ್ಲಿ ಬರೀ ಸ್ಕ್ರೂ ನಿಲ್ಲುವುದಿಲ್ಲ ಎಂದು ಅವರೇ ಹೇಳಿದರು. ಆಚೆವರೆಗೂ ತೂತು ಕೊರೆದು, ಹೊರಗಿನಿಂದ ಕಬ್ಬಿಣದ ಪ್ಲೇಟು ಕೊಟ್ಟು ಬೋಲ್ಟ್ ಬಿಗಿದರು. ಮುಷ್ಟಿಗೆ ಸರಿಯಾಗಿ ಸಿಗಲಿ ಎಂದು ಒಂದೂಕಾಲು ಇಂಚಿನ ಸ್ಟೀಲ್ ಪೈಪನ್ನೇ ಹುಡುಕಿ ತಂದರು. ಆಮೇಲೆ ತಮ್ಮ ಇಡೀ ಭಾರ ಹಾಕಿ ಜೋತುಬಿದ್ದು ತೋರಿಸಿದರು. "ಈಗ ಅಮ್ಮನ್ನ ಕರೀರಿ" ಎಂದರು. ಹೊಸ್ತಿಲು ಒಡೆದು, ನೀರು ಆಚೆ ಬರದಂತೆ ಒಳಕ್ಕೆ ಇಳಿಜಾರು ಕೊಟ್ಟರು. ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ. ಚಿಲಕವನ್ನು ಹೊರಗಿನಿಂದಲೂ ತೆಗೆಯಬಹುದು.

ಅಷ್ಟೂ ದಿನ ಕಮೋಡ್ ಕುರ್ಚಿ ಕೊಟ್ಟಿದ್ದ ಪಕ್ಕದ ಮನೆಯವರಿಗೆ, ಹೇಳದೆಯೇ ಬಂದು ಬ್ಲೀಚಿಂಗ್ ಹಾಕಿ ಪಾಚಿ ಉಜ್ಜಿದ ಅತ್ತಿಗೆಗೆ ಕೂಡ ಮನಸಾರೆ ಥ್ಯಾಂಕ್ಸ್.

ಅಮ್ಮನದು ಈಗ ಒಂದೇ ತಕರಾರು, ಸೋಪಿನ ಗೂಡು ದೂರವಾಯಿತು ಅಂತ. ಭಾನುವಾರ ಮೇಸ್ತ್ರಿ ಮತ್ತೆ ಬರುತ್ತಾರೆ. ಗೀಟು ಅಮ್ಮ ಆಗಲೇ ಹಾಕಿಟ್ಟಿದ್ದಾರೆ.