ಗಾಳಿ-ಮಳೆಯ ರಾತ್ರಿ ಇನ್ನು ಬರುವುದಿಲ್ಲ, ಅದಕ್ಕೆ ಮುಂಚೆಯೇ ಬರುತ್ತೇವೆ

ನಮ್ಮ ಅಂಗಡಿಯ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಧಾರವಾಡ, ಹುಬ್ಬಳ್ಳಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಹತ್ತಿರ ಇನ್ವರ್ಟರ್, ಬ್ಯಾಟರಿ ತಗೊಂಡವರು, ವರ್ಷದ ಸರ್ವಿಸ್ ಕಾರ್ಡ್ ಮಾಡಿಸಿದವರು, ಮದುವೆ-ಮುಂಜಿವೆಗೆ ಜನರೇಟರ್ ಬಾಡಿಗೆ ಒಯ್ಯುವವರು, ಎಲ್ಲರೂ ಇದನ್ನು ಓದಬೇಕು. ವಿಷಯ ಇಷ್ಟು. ಈ ವರ್ಷದಿಂದ ಗುಡುಗು, ಸಿಡಿಲು, ಬಿರುಗಾಳಿ ನಡೆದಿರುವಾಗ ನಮ್ಮ ಹುಡುಗರನ್ನು ಯಾರ ಮನೆಗೂ ಕಳಿಸುವುದಿಲ್ಲ. ರಾತ್ರಿ 9 ಗಂಟೆಯ ನಂತರವೂ ಕಳಿಸುವುದಿಲ್ಲ. ಅದರ ಬದಲು ಮಾರ್ಚ್ ತಿಂಗಳು ಪೂರ್ತಿ, ಒಂದೊಂದು ಏರಿಯಾ ಹಿಡಿದು, ನೀವು ಕರೆಯದಿದ್ದರೂ ನಾವೇ ಬಂದು ಎಲ್ಲ ನೋಡಿಕೊಟ್ಟು ಹೋಗುತ್ತೇವೆ.

ಹೋದ ವರ್ಷ ಭರಣಿ ಮಳೆಯಲ್ಲಿ ಏನಾಯಿತು ಅಂತ ಹೇಳಿದರೆ ಕಾರಣ ತಿಳಿಯುತ್ತದೆ. ಸಂಜೆ ಆರಕ್ಕೆ ಮುಗಿಲು ಕಪ್ಪಾಯಿತು, ಏಳಕ್ಕೆ ಕರೆಂಟ್ ಹೋಯಿತು, ಎಂಟರ ಹೊತ್ತಿಗೆ ಫೋನ್ ಕೆಳಗಿಡಲು ಆಗಲಿಲ್ಲ. "ಬ್ಯಾಟರಿ ಕೈ ಕೊಟ್ಟೈತ್ರೀ, ಮನ್ಯಾಗ ಸಣ್ಣ ಕೂಸ ಐತಿ, ಯಾರನ್ನರ ಕಳಸ್ರೀ" ಅಂದರೆ ಇಲ್ಲ ಅನ್ನುವುದು ಹೇಗೆ? ಇಬ್ಬರು ಹುಡುಗರು ಬೈಕ್ ಹತ್ತಿ ಹೊರಟರು. ಕೆಲಗೇರಿ ಕಡೆಯ ದಾರಿಯಲ್ಲಿ ಕೊಂಬೆ ಮುರಿದು ಲೈನ್ ಮೇಲೆ ಬಿದ್ದಿತ್ತು, ತಂತಿ ಹರಿದು ರಸ್ತೆಯ ನೀರಿನಲ್ಲಿ ಇಳಿಬಿದ್ದಿತ್ತು. ಎದುರಿನಿಂದ ಬಂದ ಗಾಡಿಯ ಬೆಳಕಿಗೆ ಅದು ಕಂಡಿತು, ಅದಕ್ಕೇ ಉಳಿದರು. ಇಪ್ಪತ್ತು ಹೆಜ್ಜೆ ಅಷ್ಟೇ ಅಂತರ. ಆ ರಾತ್ರಿ ಒಬ್ಬ ಹುಡುಗನ ಅವ್ವ ನನಗೆ ಫೋನ್ ಮಾಡಿದರು. ಬೈಯಲಿಲ್ಲ. "ಇನ್ನೊಮ್ಮೆ ಹಿಂಗ ಕಳಸಬ್ಯಾಡೋ ತಮ್ಮಾ" ಅಂದರು, ಫೋನ್ ಇಟ್ಟರು.

ಆಮೇಲೆ ಕೂತು ಯೋಚಿಸಿದಾಗ ಇನ್ನೊಂದು ವಿಷಯ ಹೊಳೆಯಿತು. ಆ ರಾತ್ರಿ ನಾವು ಮುಟ್ಟಿದ ಮನೆಗಳಲ್ಲಿ ಹೆಚ್ಚಿನ ಕಡೆ ನಮಗೆ ಮಾಡಲು ಏನೂ ಇರಲಿಲ್ಲ. ಬ್ಯಾಟರಿಯ ನೀರು ತಿಂಗಳುಗಟ್ಟಲೆ ಹಿಂದೆಯೇ ಆರಿತ್ತು. ಆಗ ನೀರು ಹಾಕಿದರೂ ಚಾರ್ಜ್ ಮಾಡಲು ಕರೆಂಟ್ ಬೇಕಲ್ವಾ? ಖಾಲಿಯಾದ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ತುಂಬಲು 10ರಿಂದ 12 ಗಂಟೆ ಬೇಕು. ಅಂದರೆ ಮಳೆಯ ರಾತ್ರಿ ನಮ್ಮ ಹುಡುಗ ಜೀವ ಪಣಕ್ಕಿಟ್ಟು ಬಂದರೂ ನಿಮ್ಮ ಫ್ಯಾನ್ ತಿರುಗುವುದಿಲ್ಲ. ಅದೇ ಹುಡುಗ ಮಾರ್ಚ್‌ನಲ್ಲಿ ಬಿಸಿಲು ಹೊತ್ತಿನಲ್ಲಿ ಅರ್ಧ ಗಂಟೆ ಬಂದಿದ್ದರೆ ತಿರುಗುತ್ತಿತ್ತು.

ನಮ್ಮ ಕಡೆ ಕರೆಂಟಿಗೆ ಜಾಸ್ತಿ ತೊಂದರೆ ಕೊಡುವುದು ಜೂನ್‌ನ ಮುಂಗಾರಲ್ಲ, ಏಪ್ರಿಲ್-ಮೇ ತಿಂಗಳ ಅಡ್ಡಮಳೆ. ಮಧ್ಯಾಹ್ನದ ತನಕ ಸುಡು ಬಿಸಿಲು, ಸಂಜೆಗೆ ಒಮ್ಮೆಲೇ ಗಾಳಿ, ಆಲಿಕಲ್ಲು. ಭರಣಿ ಸುರಿದರೆ ಧರಣಿ ಬದುಕೀತು ಅಂತಾರೆ, ರೈತರಿಗೆ ಅದು ಬೇಕೇ ಬೇಕು. ಆದರೆ ಧಾರವಾಡದಲ್ಲಿ ಹಳೇ ಮರಗಳು ತುಂಬಾ, ಬೇಸಿಗೆಯಲ್ಲಿ ಒಣಗಿದ ಕೊಂಬೆ ಮೊದಲ ಗಾಳಿಗೇ ಲೈನ್ ಮೇಲೆ ಬೀಳುತ್ತದೆ. ನವಲಗುಂದ, ಗದಗ ಕಡೆಯ ಎರೆ ಭೂಮಿಯಲ್ಲಿ ಬೇರೆ ಕಥೆ. ಬಿಸಿಲಿಗೆ ಬಿರುಕು ಬಿಟ್ಟ ನೆಲ ಮಳೆ ಬಿದ್ದ ಕೂಡಲೇ ಉಬ್ಬಿ ಮೆತ್ತಗಾಗುತ್ತದೆ, ಕಂಬ ವಾಲುತ್ತದೆ. ಹಾಗಾಗಿ ಅಶ್ವಿನಿ ಮಳೆ ಹುಟ್ಟುವ ಮುಂಚೆ, ಅಂದರೆ ಏಪ್ರಿಲ್ ಎರಡನೇ ವಾರದ ಒಳಗೆ ಮನೆ ತಯಾರಿರಬೇಕು.

ಮೊದಲು ಬ್ಯಾಟರಿ. ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ, ಎರಡು ತಿಂಗಳಿಗೊಮ್ಮೆ ನೀರಿನ ಮಟ್ಟ ತೋರಿಸುವ ತೇಲುಕಡ್ಡಿ ನೋಡಿ, ಕೆಂಪು ಗೆರೆಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರು, ನಲ್ಲಿ ನೀರು ಬೇಡವೇ ಬೇಡ, ಅದರ ಉಪ್ಪು ಒಳಗಿನ ಪ್ಲೇಟ್ ತಿಂದುಹಾಕುತ್ತದೆ. ಮೇಲಿನ ಗೆರೆ ದಾಟಿ ತುಂಬಿಸಲೂ ಬಾರದು, ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಹೊರಗೆ ಬರುತ್ತದೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಅದನ್ನು ನಾವು ಬಂದಾಗ ತೆಗೆದು ಜೆಲ್ ಹಚ್ಚಿಕೊಡುತ್ತೇವೆ, ನೀವು ಕೈ ಹಾಕಬೇಡಿ. ಇನ್ನೊಂದು ಮಾತು ಪ್ರತಿ ವರ್ಷ ಹೇಳುತ್ತೇನೆ, ಈಗಲೂ ಹೇಳುತ್ತೇನೆ: ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಅದು ಹೊತ್ತಿಕೊಳ್ಳುವ ಗ್ಯಾಸ್. ದೇವರ ಮನೆಯ ದೀಪದ ಪಕ್ಕ, ಗ್ಯಾಸ್ ಸಿಲಿಂಡರ್ ಇರುವ ಮೂಲೆ, ಬಾಗಿಲು ಮುಚ್ಚಿದ ಕಪಾಟು, ಇವು ಮೂರೂ ಬ್ಯಾಟರಿಯ ಜಾಗ ಅಲ್ಲ. ಹಾಗೆ ಇಟ್ಟವರ ಮನೆಯಲ್ಲಿ ಈ ಸಲ ಜಾಗ ಬದಲಿಸಿ ವೈರ್ ಎಳೆದುಕೊಡುತ್ತೇವೆ, ಕೂಲಿ ಇಲ್ಲ, ವೈರಿನ ದುಡ್ಡು ಮಾತ್ರ.

ಎಷ್ಟು ಹೊತ್ತು ಬರುತ್ತದೆ ಅನ್ನುವುದು ಎಲ್ಲರ ಪ್ರಶ್ನೆ. ಲೆಕ್ಕ ಕಷ್ಟವಿಲ್ಲ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ, ಇನ್ವರ್ಟರ್ ತಿನ್ನುವುದು, ಪೂರ್ತಿ ಖಾಲಿ ಮಾಡಬಾರದು ಅನ್ನುವುದು ಎಲ್ಲ ಕಳೆದರೆ ಕೈಗೆ ಸಿಗುವುದು 1200ರ ಆಸುಪಾಸು. ಹಳೇ ನಮೂನೆಯ ಫ್ಯಾನ್ ಒಂದಕ್ಕೆ 75 ವ್ಯಾಟ್. ಎರಡು ಫ್ಯಾನ್, ನಾಲ್ಕು 9 ವ್ಯಾಟ್ ಎಲ್‌ಇಡಿ, ಒಂದು ವೈಫೈ, ಇಷ್ಟೇ ಇದ್ದರೆ ಸುಮಾರು 6 ಗಂಟೆ. ಇನ್ನೆರಡು ಫ್ಯಾನ್, ಟಿವಿ ಸೇರಿಸಿದರೆ 3 ಗಂಟೆಯೂ ಇಲ್ಲ. ಅದೇ ಎರಡು ಫ್ಯಾನ್ 30 ವ್ಯಾಟಿನ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ನಮೂನೆಯವು ಇದ್ದರೆ ಸುಮಾರು 11 ಗಂಟೆ, ಅಂದರೆ ಇಡೀ ರಾತ್ರಿ. ದೊಡ್ಡ ಬ್ಯಾಟರಿ ಕೊಡಿ ಅಂತ ಬರುವವರಿಗೆ ನಾನು ಮೊದಲು ಫ್ಯಾನ್ ಬದಲಿಸಿ ಅನ್ನುವುದು ಇದಕ್ಕೇ. ಬ್ಯಾಟರಿ ಮಾರುವ ಅಂಗಡಿಯವನು ಹೀಗೆ ಹೇಳಬಾರದು ಅಂತ ಕೆಲವರು ಅಂದಿದ್ದಾರೆ, ಆದರೆ ಸರಿ ಇರುವುದು ಇದೇ. ಇದೆಲ್ಲ ಹೊಸ ಬ್ಯಾಟರಿಯ ಲೆಕ್ಕ. ನಾಲ್ಕೈದು ವರ್ಷ ಹಳೆಯದಾದರೆ ಅರ್ಧ ಹಿಡಿಯಿರಿ.

ಮನೆಯಲ್ಲಿ ಆಕ್ಸಿಜನ್ ಮಷಿನ್, ನೆಬ್ಯುಲೈಸರ್, ಫ್ರಿಜ್‌ನಲ್ಲಿ ಇನ್ಸುಲಿನ್ ಇಟ್ಟವರಿಗೆ ಈ ವರ್ಷದಿಂದ ಬೇರೆ ರಿಜಿಸ್ಟರ್ ತೆರೆದಿದ್ದೇವೆ. ದಯವಿಟ್ಟು ಹೆಸರು ಬರೆಸಿ, ಸಂಕೋಚ ಬೇಡ. ನಿಮ್ಮ ಮನೆಗೆ ಮಾರ್ಚ್ ಮೊದಲ ವಾರವೇ ಬರುತ್ತೇವೆ. 5 ಲೀಟರ್ ಆಕ್ಸಿಜನ್ ಮಷಿನ್‌ಗೆ 300ರಿಂದ 350 ವ್ಯಾಟ್ ಬೇಕು, ಅಂದರೆ ಒಂದು ಬ್ಯಾಟರಿಯಲ್ಲಿ ಮೂರೂವರೆ-ನಾಲ್ಕು ಗಂಟೆ ಅಷ್ಟೇ, ಅದೂ ಬೇರೆ ಏನೂ ಹಚ್ಚದಿದ್ದರೆ. ಇನ್ವರ್ಟರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ಹಾಗೆಯೇ ನಯವಾದ ಕರೆಂಟ್ ಕೊಡುವಂಥದ್ದು ಇರಬೇಕು, ಹಳೇ ಸ್ಕ್ವೇರ್ ವೇವ್ ಇದ್ದವರಿಗೆ ಬದಲಿಸಿಕೊಡುತ್ತೇವೆ, ದುಡ್ಡು ಕಂತಿನಲ್ಲಿ ಕೊಟ್ಟರಾಯಿತು. ಆದರೆ ಬ್ಯಾಟರಿ ಒಂದನ್ನೇ ನೆಚ್ಚಿ ಕೂರಬೇಡಿ, ತುಂಬಿದ ಆಕ್ಸಿಜನ್ ಸಿಲಿಂಡರ್ ಒಂದು ಮನೆಯಲ್ಲಿ ಇರಲೇಬೇಕು, ಅದರ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಈಗಲೇ ಮಾತಾಡಿ. ಅಂಗಡಿಯಲ್ಲಿ ಚಾರ್ಜ್ ಮಾಡಿದ ಎರಡು ಸೆಟ್ ಈ ಮನೆಗಳಿಗೆ ಅಂತಲೇ ತೆಗೆದಿಟ್ಟಿರುತ್ತೇವೆ. ಸಂಜೆ ಮೋಡ ಕಟ್ಟುವುದು ಕಂಡರೆ ಮಳೆಗೆ ಮುಂಚೆಯೇ ತಂದಿಡುತ್ತೇವೆ.

ಸೋಲಾರ್ ಹಾಕಿಸಿದವರಿಗೂ ಒಂದು ಮಾತು. ಪಿಎಂ ಸೂರ್ಯ ಘರ್ ಬಂದ ಮೇಲೆ, ಅಂದರೆ 2024ರಿಂದ, ಮಾಳಿಗೆ ಮೇಲೆ ಪ್ಯಾನೆಲ್ ಹಾಕಿಸಿದವರು ಹೆಚ್ಚಾಗಿದ್ದಾರೆ. ಸೋಲಾರ್ ಇದೆ, ಕರೆಂಟ್ ಹೋದರೆ ನಮಗೇನು ಅಂತ ತಿಳಿದುಕೊಂಡವರೂ ಇದ್ದಾರೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಅದು ಕೆಟ್ಟಿದ್ದಲ್ಲ, ಹಾಗೆ ನಿಲ್ಲುವಂತೆಯೇ ಮಾಡಿದ್ದಾರೆ. ಯಾಕೆಂದರೆ ಕಂಬದ ಮೇಲೆ ರಿಪೇರಿ ಮಾಡುವವನಿಗೆ ನಿಮ್ಮ ಮಾಳಿಗೆಯಿಂದ ಕರೆಂಟ್ ಹೋಗಬಾರದು.

ಜನರೇಟರ್ ವಿಷಯವೂ ಅದೇ. ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಇಲ್ಲದ ಮನೆಗೆ, ಕಲ್ಯಾಣ ಮಂಟಪಕ್ಕೆ ಇನ್ನು ಮೇಲೆ ಜನರೇಟರ್ ಕೊಡುವುದಿಲ್ಲ, ಎಷ್ಟೇ ಹಳೇ ಗಿರಾಕಿ ಇರಲಿ. ಸಾಕೆಟ್‌ಗೆ ನೇರ ಪಿನ್ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಟ್ಟರೆ ಅದು ಮೀಟರ್ ದಾಟಿ ಹೊರಗಿನ ಲೈನಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್‌ನಲ್ಲಿ ತಿರುಗಾ 11 ಸಾವಿರ ವೋಲ್ಟ್ ಆಗಿ ಏರುತ್ತದೆ. ಲೈನ್ ಬಂದ್ ಇದೆ ಅಂತ ಕಂಬ ಹತ್ತಿದ ಲೈನ್‌ಮನ್ ಒಬ್ಬನ ಮನೆಯಲ್ಲೂ ಹೆಂಡತಿ-ಮಕ್ಕಳು ದಾರಿ ಕಾಯುತ್ತಿರುತ್ತಾರೆ. ಮತ್ತೆ ಜನರೇಟರನ್ನು ಮಳೆ ಅಂತ ಪಡಸಾಲೆಯೊಳಗೆ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಗ್ಯಾಸಿಗೆ ವಾಸನೆಯೇ ಇಲ್ಲ, ಗೊತ್ತಾಗುವ ಮುಂಚೆ ಜೀವ ಹೋಗುತ್ತದೆ.

ಗುಡುಗು ಕೇಳಿದ ಕೂಡಲೇ ಟಿವಿ, ಫ್ರಿಜ್, ವೈಫೈ ಪಿನ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಕರೆಂಟ್ ಬಂದ ಮೇಲೂ ಹತ್ತು ನಿಮಿಷ ಸುಮ್ನೆ ಕಾಯಿರಿ, ಒಂದೇ ಬಲ್ಬ್ ಹಚ್ಚಿ ನೋಡಿ. ಅದು ಎಂದಿಗಿಂತ ಜಾಸ್ತಿ ಬೆಳಗುತ್ತಿದ್ದು ಪಕ್ಕದ ಮನೆಯಲ್ಲಿ ಮಂಕಾಗಿದ್ದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಹರಿದಿದೆ ಅಂತ ತಿಳಿಯಿರಿ, ಆಗ 230 ಬರಬೇಕಾದ ಕಡೆ 400ರ ಹತ್ತಿರ ಬರುತ್ತದೆ. ತಕ್ಷಣ ಮೇನ್ ಬಂದ್ ಮಾಡಿ 1912ಕ್ಕೆ ಫೋನ್ ಮಾಡಿ, ಹೆಸ್ಕಾಂ ದೂರು ತಗೊಳ್ಳುವ ನಂಬರ್ ಅದು. ನಾವು ಬಂದಾಗ ಅರ್ಥಿಂಗ್ ಕೂಡ ನೋಡುತ್ತೇವೆ. ಎರೆ ಮಣ್ಣಿನ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಕೆಲಸಕ್ಕೆ ಬಾರದ ಹಾಗಾಗಿರುತ್ತದೆ, ವಾರಕ್ಕೊಂದು ಬಿಂದಿಗೆ ನೀರು ಹಾಕಿದರೆ ಸಾಕು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ ಇಲ್ಲದವರು ಹಾಕಿಸಿಕೊಳ್ಳಿ. ನಮ್ಮಲ್ಲೇ ತಗೊಳ್ಳಬೇಕು ಅಂತಿಲ್ಲ.

ಉಳಿದದ್ದು ನಿಮಗೆ ಗೊತ್ತಿರುವುದೇ. ಮಲಪ್ರಭೆ ನೀರು ಅಮ್ಮಿನಬಾವಿಯಿಂದ ಊರಿಗೆ ಬರುವುದು ಪಂಪಿನ ಮೇಲೆ, ಅಲ್ಲಿ ಕರೆಂಟ್ ಹೋದರೆ ನಲ್ಲಿಯೂ ತಡ, ಹಾಗಾಗಿ ಮೋಡ ಕಂಡ ದಿನ ಕೊಡಗಳನ್ನು ತುಂಬಿಡಿ. ಫ್ರಿಜ್ ಬಾಗಿಲು ತೆಗೆಯದಿದ್ದರೆ 4 ಗಂಟೆ ತಂಪು ಉಳಿಯುತ್ತದೆ. ಇನ್ಸುಲಿನ್‌ಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಾಟಲಿ ನೀರಿಗೆ ತಾಗದ ಹಾಗೆ ಡಬ್ಬಿಯಲ್ಲಿಟ್ಟು ಒಳಗಿಡಿ. ಫೋನಿನಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಹಾಕಿಕೊಳ್ಳಿ, ಹೊಲಕ್ಕೆ ಹೋಗುವವರಂತೂ ಮರೆಯಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಹೋಗಬೇಡಿ. ನಮ್ಮ ಹುಡುಗರಿಗೂ ಇದೇ ನಿಯಮ ಮಾಡಿದ್ದೇವೆ. ಬೆಳಿಗ್ಗೆ ಎದ್ದು ದನ ಬಿಚ್ಚಲು ಹೋಗುವ ಮುಂಚೆ, ಬಟ್ಟೆ ಒಣ ಹಾಕುವ ತಂತಿ ಮುಟ್ಟುವ ಮುಂಚೆ, ಮೇಲೆ ಎಲ್ಲಾದರೂ ಲೈನ್ ಹರಿದು ಬಿದ್ದಿದೆಯಾ ಅಂತ ಒಮ್ಮೆ ನೋಡಿ. ಬಿದ್ದಿದ್ದರೆ ಹತ್ತು ಮೀಟರ್ ದೂರ ನಿಲ್ಲಿ, ಮಕ್ಕಳನ್ನು ಹಿಡಿದುಕೊಳ್ಳಿ, ಕೋಲಿನಿಂದ ಸರಿಸಲು ಹೋಗಬೇಡಿ.

ಈಗ ದುಡ್ಡಿನ ಮಾತು. ವರ್ಷದ ಕಾರ್ಡ್ ಮೇಲೆ 24 ಗಂಟೆ ಸರ್ವಿಸ್ ಅಂತ ನಾವೇ ಅಚ್ಚು ಹಾಕಿಸಿದ್ದೆವು, ಅದನ್ನು ನಂಬಿ ನೀವು ದುಡ್ಡು ಕೊಟ್ಟಿದ್ದೀರಿ. ಹಾಗಾಗಿ ಈಗ ಇರುವ ಎಲ್ಲ ಕಾರ್ಡ್‌ಗಳಿಗೂ 4 ತಿಂಗಳು ಹೆಚ್ಚಿಗೆ ಸೇರಿಸಿದ್ದೇವೆ. ಅದು ಬೇಡ, ರಾತ್ರಿ ಬರದಿದ್ದರೆ ನಮಗೆ ಉಪಯೋಗವಿಲ್ಲ ಅನ್ನುವವರು ಕಾರ್ಡ್ ತಗೊಂಡು ಬನ್ನಿ, ಉಳಿದ ತಿಂಗಳ ದುಡ್ಡು ಲೆಕ್ಕ ಹಾಕಿ ಅವತ್ತೇ ಕೊಡುತ್ತೇವೆ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಕಾರ್ಡ್ ಇಲ್ಲದವರಿಗೂ ಮಾರ್ಚ್ ತಪಾಸಣೆ ಫ್ರೀ, ಡಿಸ್ಟಿಲ್ಡ್ ವಾಟರ್‌ನ ದುಡ್ಡು ಮಾತ್ರ ಕೊಡಬೇಕು. ರಾತ್ರಿ ಬರುವುದಿಲ್ಲ ಅಂದ ಮಾತ್ರಕ್ಕೆ ಫೋನ್ ಬಂದ್ ಅಲ್ಲ. ಮಳೆಗಾಲ ಮುಗಿಯುವ ತನಕ ರಾತ್ರಿ 11ರವರೆಗೆ ನಾನೇ ಎತ್ತುತ್ತೇನೆ, ವಿಡಿಯೋ ಕಾಲ್ ಮಾಡಿ ಇನ್ವರ್ಟರ್ ತೋರಿಸಿ, ಯಾವ ಸ್ವಿಚ್, ಯಾವ ಫ್ಯೂಸ್ ಅಂತ ಹೇಳಿಕೊಡುತ್ತೇನೆ. ರಿಜಿಸ್ಟರ್‌ನಲ್ಲಿ ಹೆಸರಿದ್ದವರ ಫೋನ್ ರಾತ್ರಿ ಎಷ್ಟು ಹೊತ್ತಿಗಾದರೂ ಎತ್ತುತ್ತೇನೆ.

ಮೊದಲ ವಾರ ರಿಜಿಸ್ಟರ್ ಮನೆಗಳು ಮತ್ತು ಮಾಳಮಡ್ಡಿ, ಎರಡನೇ ವಾರ ಸಪ್ತಾಪುರ, ಕೆಲಗೇರಿ, ಮೂರನೇ ವಾರ ಹುಬ್ಬಳ್ಳಿಯ ಉಣಕಲ್, ವಿದ್ಯಾನಗರ, ಕೇಶ್ವಾಪುರ, ಕೊನೆಗೆ ಅಮ್ಮಿನಬಾವಿ, ಹೆಬ್ಬಳ್ಳಿ ಕಡೆಯ ಹಳ್ಳಿಗಳು. ಬರುವ ಹಿಂದಿನ ದಿನ ವಾಟ್ಸಾಪ್‌ನಲ್ಲಿ ತಿಳಿಸುತ್ತೇವೆ. ಬ್ಯಾಟರಿ ಮುಂದೆ ಜೋಡಿಸಿಟ್ಟ ಜೋಳದ ಚೀಲ, ಹಳೇ ಪೇಪರ್ ಸರಿಸಿಟ್ಟಿರಿ, ಮತ್ತೆ ಮನೆಯಲ್ಲಿ ಯಾರಾದರೂ ಒಬ್ಬ ದೊಡ್ಡವರು ಇರಿ, ಮೇನ್ ಸ್ವಿಚ್ ಯಾವುದು, ಇನ್ವರ್ಟರ್ ಬೈಪಾಸ್ ಮಾಡಿ ಲೈನಿನ ಕರೆಂಟನ್ನು ನೇರ ಮನೆಗೆ ಕೊಡುವುದು ಹೇಗೆ ಅಂತ ಅವರ ಕೈಯಲ್ಲೇ ಒಮ್ಮೆ ಮಾಡಿಸಿ ತೋರಿಸಬೇಕು.