‘ಉಣರ್ತಿ’ ಎಂದರೆ ಎಬ್ಬಿಸಿ ಎಂದು ಅಜ್ಜಿಗೆ ಯಾರು ಹೇಳುತ್ತಾರೆ?

ಸಂಪಾದಕರಿಗೆ ನಮಸ್ಕಾರ.

ನಾನು ಕೇರಳದ ಮಂಜೇಶ್ವರ ತಾಲೂಕಿನ ಬಾಯಾರಿನವಳು. ವಯಸ್ಸು 58. ಕಳೆದ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ನನ್ನ ಮಗಳಿಗೆ ಚೊಚ್ಚಲ ಹೆರಿಗೆ ಆಯಿತು. ಹೆಣ್ಣು ಮಗು. 37 ವಾರಕ್ಕೇ ಹುಟ್ಟಿದ್ದು, ತೂಕ 2 ಕಿಲೋ 700 ಗ್ರಾಂ. ಹುಟ್ಟಿದ ಮೊದಲ ಒಂದು ಗಂಟೆ ಕಣ್ಣು ಪಿಳಿಪಿಳಿ ಬಿಟ್ಟು ನೋಡಿತು, ಚೆನ್ನಾಗಿ ಮೊಲೆ ಚೀಪಿತು. ಆಮೇಲೆ ಮಲಗಿದ್ದೇ ಮಲಗಿದ್ದು.

ಮೂರನೆಯ ದಿನ ಮನೆಗೆ ಕಳಿಸಿದರು. ಕೈಗೆ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಗೋಡೆಯ ಮೇಲಿನ ಚಿತ್ರದ ಕೆಳಗೆ ಬರೆದದ್ದೆಲ್ಲ ಮಲಯಾಳ. ಹೊರಡುವಾಗ ನರ್ಸ್ ನನಗೇ ಹೇಳಿದಳು: “ರಂಡು ಮಣಿಕ್ಕೂರ್ ಕೂಡುಂಬೋಳ್ ಉಣರ್ತಿ ಪಾಲ್ ಕೊಡುಕ್ಕಣಂ.” ನನಗೆ ಅಂಗಡಿಯ ಮಲಯಾಳ, ಬಸ್ಸಿನ ಮಲಯಾಳ ಬರುತ್ತದೆ. ಪಾಲ್ ಅಂದರೆ ಹಾಲು, ಕೊಡುಕ್ಕಣಂ ಅಂದರೆ ಕೊಡಬೇಕು. ‘ಉಣರ್ತಿ’ ಅಂದದ್ದನ್ನು ನಾನು ನಮ್ಮ ಉಣ್ಣು, ಉಣಿಸು ಅಂತ ತಿಳಿದುಕೊಂಡೆ. ಹಾಲು ಉಣಿಸಬೇಕು ಅಂತಿದ್ದಾಳೆ, ಅದು ಗೊತ್ತಿದ್ದದ್ದೇ ಅಲ್ವಾ ಅಂತ ತಲೆ ಅಲ್ಲಾಡಿಸಿದೆ. ಮಲಯಾಳದಲ್ಲಿ ಉಣರ್ತಿ ಅಂದರೆ ‘ಎಬ್ಬಿಸಿ’. ಎರಡು ಗಂಟೆಗೊಮ್ಮೆ ನಿದ್ದೆಯಿಂದ ಎಬ್ಬಿಸಿ ಹಾಲು ಕೊಡಬೇಕು ಅಂತ ಆಕೆ ಹೇಳಿದ್ದು. ಆಕೆಯ ತಪ್ಪೇನೂ ಇಲ್ಲ, ಹೇಳಬೇಕಾದದ್ದನ್ನು ಸರಿಯಾಗಿಯೇ ಹೇಳಿದ್ದಾಳೆ.

ಮನೆಯಲ್ಲಿ ಮಗು ನಾಲ್ಕು ಗಂಟೆ, ಐದು ಗಂಟೆ ಸತತ ಮಲಗುತ್ತಿತ್ತು. ನೋಡಲು ಬಂದವರೆಲ್ಲ “ಎಂಥ ಪಾಪದ (ಸಾಧು) ಮಗು, ಅಳುವುದೇ ಇಲ್ಲ” ಎಂದರು. ನನಗೂ ಹೆಮ್ಮೆ. ಹೊರಗೆ ಬಿಡದೆ ಮಳೆ. ಕೋಣೆಯ ಕಿಟಕಿ ಮುಚ್ಚಿ, ಮಗುವನ್ನು ಎರಡು ಬಟ್ಟೆ ಸುತ್ತಿ ಬೆಚ್ಚಗೆ ಮಲಗಿಸಿದ್ದೆ. ರಾತ್ರಿ ಮಗಳು ಕೇಳಿದಳು, “ಅಮ್ಮಾ, ಇವಳನ್ನು ಎಬ್ಬಿಸಬೇಕಾ? ನನಗೆ ಎದೆ ಗಟ್ಟಿಯಾಗ್ತಾ ಉಂಟು.” ನಾನು ಹೇಳಿದೆ, “ಮಲಗಿದ ಮಗುವನ್ನು ಎಬ್ಬಿಸಬಾರದು. ಹಸಿವಾದ್ರೆ ಅದೇ ಅಳ್ತದೆ.” ಈ ಮಾತನ್ನು ನನಗೆ ನನ್ನ ಅತ್ತೆ ಹೇಳಿದ್ದರು. ನನ್ನ ಇಬ್ಬರು ಮಕ್ಕಳೂ ಕಿರುಚಿ ಕಿರುಚಿ ಹಾಲು ಕೇಳಿದವರು. ಹಾಗಾಗಿ ಆ ಮಾತು ಎಲ್ಲಿ ಕೈ ಕೊಡುತ್ತದೆ ಅಂತ ನೋಡುವ ಸಂದರ್ಭವೇ ನನಗೆ ಬಂದಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಮಗುವಿಗೆ ಕಟ್ಟಿದ ಹಳೆ ಪಂಚೆಯ ತುಂಡಿನಲ್ಲಿ ಇಟ್ಟಿಗೆ ಬಣ್ಣದ ಕಲೆ ಇತ್ತು. ಹಿಂದಿನ ದಿನದಿಂದ ಬಟ್ಟೆ ಒದ್ದೆಯಾದದ್ದು ಎರಡೇ ಸಲ. ಆ ಹೊತ್ತಿಗೆ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಬಂದದ್ದು ನಮ್ಮ ಪುಣ್ಯ. ತುಳು ಮಾತಾಡುವವಳು. ಮಗುವನ್ನು ಎತ್ತಿ ಜಗಲಿಯ ಬೆಳಕಿಗೆ ತಂದಳು, ಸುತ್ತಿದ ಬಟ್ಟೆ ಬಿಚ್ಚಿದಳು. ಹಣೆಯ ಮೇಲೆ, ಎದೆಯ ಮೇಲೆ, ಹೊಟ್ಟೆಯ ಮೇಲೆ ಬೆರಳಿನಿಂದ ಒತ್ತಿ ತೆಗೆದಳು. ಒತ್ತಿದ ಜಾಗವೆಲ್ಲ ಅರಸಿನ ಬಣ್ಣ. ಕತ್ತಲೆ ಕೋಣೆಯಲ್ಲಿ ನಮಗೆ ಅದು ಕಂಡೇ ಇರಲಿಲ್ಲ. “ಈಗಲೇ ಹೊರಡಿ” ಎಂದಳು.

ಆ ಮಳೆಯಲ್ಲಿ ಉಪ್ಪಳಕ್ಕೆ ಇಳಿದು ಹೈವೇ ಹಿಡಿದು ಆಸ್ಪತ್ರೆ ಮುಟ್ಟುವವರೆಗೆ ಮಗಳು ಒಂದು ಮಾತೂ ಆಡಲಿಲ್ಲ. ತಕ್ಕಡಿಯಲ್ಲಿ ತೂಕ 2 ಕಿಲೋ 420 ಗ್ರಾಂ. ಹುಟ್ಟಿದ ಮಕ್ಕಳ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜವಂತೆ, ಆದರೆ ಇದು ನೂರಕ್ಕೆ ಹತ್ತನ್ನು ದಾಟಿತ್ತು. ಕಾಮಾಲೆಯೂ ಜಾಸ್ತಿ. ಎರಡು ದಿನ ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಇಟ್ಟರು.

ಡಾಕ್ಟರು ಕನ್ನಡದಲ್ಲೇ ಬಿಡಿಸಿ ಹೇಳಿದರು. ಕಾಮಾಲೆಯ ಹಳದಿ ಮಲದಲ್ಲಿ ಹೊರಗೆ ಹೋಗಬೇಕು. ಹಾಲು ಕಡಿಮೆಯಾದರೆ ಮಲ ಕಡಿಮೆ, ಹಳದಿ ಒಳಗೇ ಉಳಿಯುತ್ತದೆ. ಹಳದಿ ಏರಿದರೆ ಮಗುವಿಗೆ ಇನ್ನೂ ಮಂಪರು. ಮಂಪರಿನಲ್ಲಿ ಹಾಲು ಕೇಳುವುದೇ ಇಲ್ಲ. ತಿಂಗಳು ತುಂಬುವ ಮೊದಲೇ ಅಥವಾ ತುಂಬುತ್ತಿದ್ದ ಹಾಗೆ ಹುಟ್ಟಿದ ಮಕ್ಕಳಿಗೆ ಇದು ಜಾಸ್ತಿ. ಅಳು ಅಂದರೆ ಹಸಿವಿನ ಕೊನೆಯ ಸೂಚನೆ. ಮೊದಲು ಮಗು ಬಾಯಿ ಚಪ್ಪರಿಸುತ್ತದೆ, ಕೈ ಬಾಯಿಗೆ ಒಯ್ಯುತ್ತದೆ, ತಲೆ ಆಚೆ ಈಚೆ ತಿರುಗಿಸುತ್ತದೆ. ನಿದ್ದೆಗಣ್ಣಿನ ಮಗು ಅದನ್ನೂ ಮಾಡದೆ ಇರಬಹುದು.

ಎಬ್ಬಿಸುವುದು ಹೇಗೆ ಅಂತ ಅಲ್ಲಿನ ಒಬ್ಬ ನರ್ಸ್ ನಮಗೆ ಮಾಡಿ ತೋರಿಸಿದಳು. ಸುತ್ತಿದ ಬಟ್ಟೆಯನ್ನೆಲ್ಲ ತೆಗೆದಳು, ಕೆಳಗಿನ ಬಟ್ಟೆ ಮಾತ್ರ ಬಿಟ್ಟಳು. ಮಗಳ ಬರಿ ಎದೆಯ ಮೇಲೆ ಮಗುವನ್ನು ಮಲಗಿಸಿ, ಇಬ್ಬರ ಮೇಲೂ ಒಂದು ಹೊದಿಕೆ ಹಾಕಿದಳು. ಅಮ್ಮನ ಮೈಶಾಖವೇ ಸಾಕು, ಬೇರೆ ಕಂಬಳಿ ಬೇಡ. ಬೆನ್ನನ್ನು ಮೇಲೆ ಕೆಳಗೆ ಮೆಲ್ಲನೆ ಉಜ್ಜಿದಳು, ಅಂಗಾಲು ತಿಕ್ಕಿದಳು. ಬಾಯಿ ಅರಳಿದ ಕೂಡಲೇ ಮೊಲೆಗೆ ಹಿಡಿಸಿದಳು. ನಾಲ್ಕು ಗುಟುಕು ಕುಡಿದು ಮಗು ಮತ್ತೆ ಜಾರಿತು. ಆಗ ಮಗಳಿಗೆ ಮೊಲೆಯನ್ನು ಅಂಗೈಯಿಂದ ಮೆತ್ತಗೆ ಒತ್ತಲು ಹೇಳಿದಳು. ಹಾಲು ಬಾಯಿಗೆ ಇಳಿದ ಹಾಗೆ ಮಗು ಪುನಃ ನುಂಗಿತು. ಅದೂ ನಿಂತರೆ ಬಟ್ಟೆ ಬದಲಿಸಿ ಇನ್ನೊಂದು ಬದಿಗೆ ಹಾಕಬೇಕು. ಉಳಿದ ಹಾಲನ್ನು ಕೈಯಿಂದ ಹಿಂಡಿ ಕುಡಿಸಬೇಕು. ಆಕೆ ‘ಪಾಲಡೈ’ ಎಂದು ತೋರಿಸಿದ್ದು ನಮ್ಮ ಒಳಲೆಯೇ, ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು. ನನ್ನ ಮಕ್ಕಳಿಗೆ ಇದ್ದ ಒಳಲೆ ಅಟ್ಟದ ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಈಗ ಅದನ್ನು ಬಿಸಿ ನೀರಲ್ಲಿ ಕುದಿಸಿ ಬಳಸಿದೆವು. ದಿನಕ್ಕೆ ಎಂಟು ಸಲಕ್ಕೆ ಕಡಿಮೆ ಆಗಬಾರದು, ಹುಟ್ಟಿದಾಗಿನ ತೂಕ ತಿರುಗಿ ಬರುವವರೆಗೆ ಮೂರು ಗಂಟೆ ದಾಟಬಾರದು. ಅಳಿಯ ಮೊಬೈಲಿನಲ್ಲಿ ಅಲಾರಂ ಇಟ್ಟ. ರಾತ್ರಿ ಎರಡಕ್ಕೂ ಎದ್ದೆವು.

ನಮ್ಮಲ್ಲಿ ದನ ಉಂಟು. ಹುಟ್ಟಿದ ಕರು ಮಂಕಾಗಿ ಬಿದ್ದುಕೊಂಡರೆ ನಾವು ಅದೇ ಏಳಲಿ ಅಂತ ಬಿಡುವುದಿಲ್ಲ. ಬೈಹುಲ್ಲಿನಿಂದ ಮೈ ಉಜ್ಜುತ್ತೇವೆ, ಎತ್ತಿ ನಿಲ್ಲಿಸುತ್ತೇವೆ, ಮೊಲೆಯನ್ನು ಬಾಯಿಗೆ ಇಡುತ್ತೇವೆ. ಗಿಣ್ಣು ಹೊಟ್ಟೆಗೆ ಹೋಗದೆ ಹಟ್ಟಿಯಿಂದ ಹೊರಗೆ ಬರುವುದಿಲ್ಲ. ನಲುವತ್ತು ವರ್ಷದಿಂದ ಮಾಡಿದ ಕೆಲಸ. ಮನೆಯೊಳಗಿನ ಮಗುವಿಗೆ ಅದೇ ಬೇಕು ಅಂತ ನನಗೆ ಹೊಳೆಯಲಿಲ್ಲ. ಆ ಎರಡು ದಿನ ನೀಲಿ ದೀಪದ ಹೊರಗೆ ಕೂತು ನಾನು ಇದನ್ನೇ ನೆನೆದು ಅತ್ತಿದ್ದೇನೆ.

ಈಗ ನನ್ನ ಕೋರಿಕೆ. ಕಾಸರಗೋಡು, ಮಂಜೇಶ್ವರದ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು ಅಂತ 1969ರ ಕೇರಳದ ಭಾಷಾ ಕಾಯ್ದೆಯಲ್ಲಿ ಉಂಟು. ಅರ್ಜಿಗೆ ಉತ್ತರ ಒಂದು ತಿಂಗಳು ತಡವಾದರೂ ನಡೆದೀತು. ಹೆರಿಗೆ ವಾರ್ಡಿನಿಂದ ಹೊರಡುವ ತಾಯಿಯ ಕೈಯಲ್ಲಿ ಕನ್ನಡದ ಒಂದು ಹಾಳೆ ಅದೇ ದಿನ ಬೇಕು. ಅದನ್ನು ಬಾಳಂತಿಗೆ ಮಾತ್ರ ಕೊಟ್ಟರೆ ಸಾಲದು, ಜೊತೆಗೆ ನಿಂತ ಅಜ್ಜಿಗೆ ಓದಿ ಹೇಳಬೇಕು. ಬಾಳಂತನದ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು. ನನ್ನ ಮಗಳಿಗೆ ಎಬ್ಬಿಸಬೇಕು ಅಂತ ತೋಚಿತ್ತು, ನಾನು ತಡೆದೆ.

ಹಾಳೆಯಲ್ಲಿ ಜಾಸ್ತಿ ಏನೂ ಬೇಡ. ಮಲಗಿದ್ದರೂ ಎಬ್ಬಿಸಿ ಹಾಲು ಕೊಡಿ. ಮೊದಲ ದಿನಗಳ ದಪ್ಪ ಹಳದಿ ಹಾಲು ಚಮಚದಷ್ಟೇ ಬರುತ್ತದೆ, ಸಾಲದು ಅಂತ ಡಬ್ಬಿ ಹಾಲಿಗೆ ಓಡಬೇಡಿ. ಜೇನು, ಬೆಲ್ಲದ ನೀರು ಬಾಯಿಗೆ ತಾಗಿಸಬೇಡಿ. ಐದನೆಯ ದಿನದ ಹೊತ್ತಿಗೆ ಕಪ್ಪು ಮಲ ಹೋಗಿ ಹಳದಿ ಬರಬೇಕು. ಆಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಮಗುವನ್ನು ದಿನಕ್ಕೊಮ್ಮೆ ಬೆಳಕಿಗೆ ತಂದು ಮೈಬಣ್ಣ ನೋಡಿ. ಎಷ್ಟು ಎಬ್ಬಿಸಿದರೂ ಏಳದಿದ್ದರೆ, ಚೀಪದಿದ್ದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಇಷ್ಟೇ.

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ಅಂತ ಆಸ್ಪತ್ರೆಗಳಲ್ಲಿ ಕಾರ್ಯಕ್ರಮ ಮಾಡುತ್ತಾರೆ. ಮುಂದಿನ ಸಪ್ತಾಹದ ಒಳಗೆ ಈ ಹಾಳೆ ಆಗಲಿ. ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಟೀಚರ್ ತರಬೇತಿ ಮುಗಿಸಿದವಳು, ಅಕ್ಷರ ಚಂದ. ಆರೋಗ್ಯ ಇಲಾಖೆಯವರು ವಿಷಯ ಕೊಟ್ಟರೆ ಕನ್ನಡದಲ್ಲಿ ಬರೆದುಕೊಡುತ್ತೇನೆ ಅಂದಿದ್ದಾಳೆ. ಆ ಹೊತ್ತಿಗೆ ಮಗುವನ್ನು ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಒಬ್ಬ ಅಜ್ಜಿ
ಬಾಯಾರು, ಕಾಸರಗೋಡು ಜಿಲ್ಲೆ