ಮೊದಲು ತಕ್ಕಡಿ, ಆಮೇಲೆ ದುಡ್ಡು

ಚಿ. ಶ್ರೀವತ್ಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾಯಕರ ಮುಖವಿರುವ ಸ್ಮರಣಾರ್ಥ ನಾಣ್ಯಗಳನ್ನು ಕೂಡಿಹಾಕಲು ಶುರು ಮಾಡಿದ್ದೀಯೆಂದು ನಿನ್ನಪ್ಪ ಹೇಳಿದ. ಇಂದಿರಾ ಗಾಂಧಿಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತಾರೆಂಬ ವಿಡಿಯೊ ನೋಡಿ ಹಿಗ್ಗಿದ್ದೀಯಂತೆ. ಮೊದಲು ಅದನ್ನು ತಲೆಯಿಂದ ತೆಗೆದುಹಾಕು. ಅದು ಹೇರಳವಾಗಿ ಟಂಕಿಸಿ ಚಲಾವಣೆಗೆ ಬಿಟ್ಟ ನಾಣ್ಯ. ಲಕ್ಷ ಕೊಡುತ್ತೇನೆ ಎನ್ನುವವನು ಮೊದಲು ‘ನೋಂದಣಿ ಶುಲ್ಕ’ ಕೇಳುತ್ತಾನೆ, ಆಮೇಲೆ ತೆರಿಗೆ ಕೇಳುತ್ತಾನೆ, ಆಮೇಲೆ ಫೋನ್ ಎತ್ತುವುದಿಲ್ಲ. ಹಳೆಯ ನಾಣ್ಯ, ನೋಟುಗಳ ವ್ಯವಹಾರದಲ್ಲಿ ತಾನಿಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ.

ಎಲ್ಲವನ್ನೂ ಬಾಚಿಕೊಳ್ಳಲು ಹೋಗಬೇಡ. ಚಲಾವಣೆಗೆ ಬಂದ ನಾಯಕರ ನಾಣ್ಯಗಳನ್ನಷ್ಟೇ ಹಿಡಿದುಕೋ. 1964ರ ನೆಹರೂ ನಾಣ್ಯದಿಂದ ಸಾಲು ಶುರುವಾಗುತ್ತದೆ. ಅದು ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ, 1 ರೂಪಾಯಿ ಮತ್ತು 50 ಪೈಸೆಯಲ್ಲಿ ಬಂತು. 50 ಪೈಸೆಯಲ್ಲಿ ಹೆಸರು ಇಂಗ್ಲಿಷಿನಲ್ಲಿರುವುದು ಬೇರೆ, ಹಿಂದಿಯಲ್ಲಿರುವುದು ಬೇರೆ, ಎರಡೂ ಬೇಕು. ಆಮೇಲೆ 1969ರ ಗಾಂಧಿ ಶತಮಾನೋತ್ಸವದವು, 1985ರ ಇಂದಿರಾ, 1989ರ ನೆಹರೂ, 1990ರ ಅಂಬೇಡ್ಕರ್, 1991ರ ರಾಜೀವ್. ಹನ್ನೊಂದು ಮೂಲೆಯ 2 ರೂಪಾಯಿಯಲ್ಲಿ ಪಟೇಲ್, ನೇತಾಜಿ, ಚಿತ್ತರಂಜನ್ ದಾಸ್, ಶ್ಯಾಮಾಪ್ರಸಾದ್ ಮುಖರ್ಜಿ ಸಿಗುತ್ತಾರೆ. 5 ರೂಪಾಯಿಯಲ್ಲಿ ಕಾಮರಾಜ್, ಶಾಸ್ತ್ರಿ, ಅಣ್ಣಾದೊರೈ. ಅಣ್ಣಾದೊರೈ ನಾಣ್ಯದ ಮೇಲೆ ಅವರ ತಮಿಳು ಸಹಿಯೇ ಇದೆ. 2006ರಲ್ಲಿ ನಮ್ಮ ಬಸವಣ್ಣನ 5 ರೂಪಾಯಿಯೂ ಬಂದಿದೆ. ಬಿಜ್ಜಳನ ಭಂಡಾರಿಯೂ ರಾಜಕಾರಣಿಯೇ ಎಂದು ವಾದಿಸಿ ಸಾಲಿಗೆ ಸೇರಿಸಿಕೊಂಡರೆ ನನ್ನ ತಕರಾರಿಲ್ಲ.

ನಾಣ್ಯದ ಮೇಲಿನ ಇಸವಿ ನೋಡಿ ಏಮಾರುವವರು ಬಹಳ. 1869-1948, 1917-1984 ಇವೆಲ್ಲ ಆ ನಾಯಕರ ಜನನ-ಮರಣದ ವರ್ಷಗಳು, ಟಂಕಿಸಿದ ವರ್ಷವಲ್ಲ. ‘1917ರ ಬ್ರಿಟಿಷರ ಕಾಲದ ನಾಣ್ಯ’ ಎಂದು ಇಂದಿರಾ ನಾಣ್ಯವನ್ನು ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ.

ಕೊಳ್ಳುವ ಮೊದಲು ಕೈಯಲ್ಲಿ ನಾಲ್ಕು ಸಾಮಾನಿರಲಿ: 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಅಗಲ ಅಳೆಯುವ ಕ್ಯಾಲಿಪರ್, ಹತ್ತು ಪಟ್ಟಿನ ಭೂತಗನ್ನಡಿ, ಅಯಸ್ಕಾಂತ. 1964ರ ನೆಹರೂ ರೂಪಾಯಿ ನಿಕ್ಕಲ್ಲಿನದು, 10 ಗ್ರಾಂ ತೂಕ, 28 ಮಿ.ಮೀ. ಅಗಲ. ಅಯಸ್ಕಾಂತ ತಂದರೆ ಟಕ್ಕೆಂದು ಅಂಟಬೇಕು. 1985ರ ಇಂದಿರಾ 5 ರೂಪಾಯಿ ತಾಮ್ರ-ನಿಕ್ಕಲ್, 12.5 ಗ್ರಾಂ, 31 ಮಿ.ಮೀ.; ಅದು ಅಂಟಿದರೆ ಅಲ್ಲಿಂದ ಎದ್ದು ಬಾ. 1969ರ ಗಾಂಧಿ 10 ರೂಪಾಯಿಯಲ್ಲಿ ಶೇ. 80 ಬೆಳ್ಳಿ, ತೂಕ 15 ಗ್ರಾಂ, ಅಂದರೆ 12 ಗ್ರಾಂ ಅಪ್ಪಟ ಬೆಳ್ಳಿ. ಕೊಳ್ಳುವ ದಿನದ ಬೆಳ್ಳಿ ದರಕ್ಕೆ ಗುಣಿಸಿ ನೋಡು, ವ್ಯಾಪಾರಿ ಎಷ್ಟು ಮೇಲೆ ಹಾಕಿದ್ದಾನೆಂದು ಗೊತ್ತಾಗುತ್ತದೆ. ಸವೆತದಿಂದ ತೂಕ ಒಂದಿಷ್ಟು ಇಳಿಯುವುದು ಸಹಜ, ಅರ್ಧ ಗ್ರಾಂ ಇಳಿದರೆ ಅನುಮಾನಪಡು. ಎರಕದ ನಕಲಿಯಾದರೆ ಭೂತಗನ್ನಡಿಯಲ್ಲಿ ಅಕ್ಷರದ ಅಂಚು ಮೊಂಡಾಗಿ, ಮೈಮೇಲೆ ಸಣ್ಣ ಗುಳಿಗಳು ಕಾಣುತ್ತವೆ. ರೂಪಾಯಿ ಚಿಹ್ನೆ ₹ ಒಪ್ಪಿಗೆಯಾದದ್ದು 2010ರ ಜುಲೈನಲ್ಲಿ. ಅದಕ್ಕೂ ಹಳೆಯದೆನ್ನುವ ನಾಣ್ಯದ ಮೇಲೆ ಅದು ಕಂಡರೆ ನಕಲಿಯೇ, ಹೆಚ್ಚು ಯೋಚನೆ ಬೇಡ. ಯಾವುದೋ ನಾಯಕರ ಚಿತ್ರ ಒತ್ತಿ ಖಾಸಗಿಯವರು ಮಾಡಿದ ಬಿಲ್ಲೆಗಳೂ ಮಾರುಕಟ್ಟೆಯಲ್ಲಿವೆ. ಸರ್ಕಾರದ ನಾಣ್ಯವಾದರೆ ಅದರ ಅಳತೆ, ಲೋಹ, ಬರಹ ಭಾರತದ ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟವಾಗಿರುತ್ತದೆ.

ಇಸವಿಯ ಕೆಳಗಿನ ಟಂಕಸಾಲೆ ಗುರುತನ್ನು, ಅಂದರೆ ನಾಣ್ಯ ಎಲ್ಲಿ ಅಚ್ಚಾಯಿತೆಂದು ಹೇಳುವ ಚಿಹ್ನೆಯನ್ನು, ಓದಲು ಕಲಿ. ವಜ್ರಾಕೃತಿ ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನೋಯ್ಡಾ ಟಂಕಸಾಲೆ 1988ರಲ್ಲಿ ಶುರುವಾದದ್ದು, ಅದಕ್ಕಿಂತ ಹಳೆಯದರಲ್ಲಿ ಅದರ ಚುಕ್ಕೆ ಹುಡುಕಬೇಡ.

ಇನ್ನು ಬೆಲೆ. ಅದು ನಿಂತಿರುವುದು ನಾಣ್ಯದ ಸ್ಥಿತಿಯ ಮೇಲೆ. ನಾಣ್ಯವನ್ನು ಓರೆ ಬೆಳಕಿನಲ್ಲಿ ಮೆಲ್ಲಗೆ ವಾಲಿಸು. ಕೈ ಸೋಕದ ನಾಣ್ಯದಲ್ಲಿ ಹೊಳಪು ಚಕ್ರದ ಅರೆಗಳಂತೆ ಸುತ್ತುತ್ತದೆ. ತಿಕ್ಕಿದ ನಾಣ್ಯದಲ್ಲಿ ಹೊಳಪು ಸತ್ತು ಒಂದೇ ಸಮನಿರುತ್ತದೆ, ಒಂದೇ ದಿಕ್ಕಿಗೆ ಎಳೆ ಎಳೆಯಾಗಿ ಗೀರುಗಳು ಕಾಣುತ್ತವೆ. ಹುಣಸೆಹಣ್ಣು, ನಿಂಬೆ, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ಬೇಡ. ಹಬ್ಬಕ್ಕೆ ದೇವರ ಸಾಮಾನು ಬೆಳಗುವಾಗ ಅಜ್ಜಿಯ ಕೈಗೆ ಸಿಗದ ಕಡೆ ಇಡು. ಮಣ್ಣು ಹತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಹತ್ತಿ ಬಟ್ಟೆಯ ಮೇಲೆ ಒತ್ತಿ ಒಣಗಿಸು, ಉಜ್ಜಬೇಡ.

ನೀನಿರುವುದು ಮಂಗಳೂರಿನಲ್ಲಿ, ಮಳೆಗಾಲದ ಕಾಟ ನಿನಗೆ ಹೆಚ್ಚು. ಅಂಗಡಿಯ ಅಗ್ಗದ ಮೆತ್ತನೆ ಪ್ಲಾಸ್ಟಿಕ್ ಆಲ್ಬಂ ಬೇಡ. ಅದು ಪಿವಿಸಿ, ಕೆಲವು ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಜಿಡ್ಡು ಕಟ್ಟುತ್ತದೆ, ಕಡೆಗೆ ಲೋಹವನ್ನೇ ತಿನ್ನುತ್ತದೆ. ಆಗಲೇ ಜಿಡ್ಡು ಬಂದಿದ್ದರೆ ಶುದ್ಧ ಅಸಿಟೋನಿನಲ್ಲಿ ಕಿಟಕಿ ತೆರೆದು, ಬೆಂಕಿಯಿಂದ ದೂರವಿಟ್ಟು ನೆನೆಸು. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಬೇರೆ ಏನೇನೋ ಬೆರೆತಿರುತ್ತದೆ, ಅದು ಬೇಡ. ಇಡಲು ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್ ಸಾಕು. ಸ್ಟೇಪಲ್ ಹೊಡೆದ ಮೇಲೆ ಪಿನ್ನಿನ ತುದಿಯನ್ನು ಇಕ್ಕಳದಿಂದ ಚಪ್ಪಟೆ ಮಾಡು, ಇಲ್ಲವಾದರೆ ಪಕ್ಕದ ನಾಣ್ಯಕ್ಕೆ ಗೀರು ಖಂಡಿತ. ರಬ್ಬರ್ ಬ್ಯಾಂಡ್ ಹಾಕಬೇಡ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮರದ ಬೀರುವಿಗಿಂತ ಸ್ಟೀಲ್ ಡಬ್ಬಿ ವಾಸಿ, ಒಳಗೆ ಸಿಲಿಕಾ ಜೆಲ್ ಇರಲಿ.

ಹೊಸ ದೊಡ್ಡ ನಾಣ್ಯಗಳ ಮಾತು ಬೇರೆ. 2015ರ ಡಿಸೆಂಬರ್ 6ರಂದು ಬಿಡುಗಡೆಯಾದ ಅಂಬೇಡ್ಕರ್ ₹125, 2018ರ ವಾಜಪೇಯಿ ₹100, 2023ರ ಎನ್.ಟಿ. ರಾಮರಾವ್ ₹100 ಇವು ಚಲಾವಣೆಗೆ ಬಂದವಲ್ಲ, ಟಂಕಸಾಲೆ ಸಂಗ್ರಾಹಕರಿಗೆಂದೇ ಮಾರಿದವು. 44 ಮಿ.ಮೀ. ಅಗಲ, 35 ಗ್ರಾಂ ತೂಕ, ಅರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಮುಖಬೆಲೆಗಿಂತ ಬಹಳ ಮೇಲೆ ಕೊಳ್ಳಬೇಕು. ಬುಕಿಂಗ್ ತೆರೆದಿರುವಾಗ ಟಂಕಸಾಲೆಯ ಅಧಿಕೃತ ಜಾಲತಾಣದಲ್ಲೇ ಹಾಕು. ಕೈಗೆ ಬರಲು ತಿಂಗಳುಗಳು ಹಿಡಿಯಬಹುದು. ಪ್ರೂಫ್ ನಾಣ್ಯವನ್ನು, ಅಂದರೆ ಸಂಗ್ರಾಹಕರಿಗಾಗಿ ವಿಶೇಷ ಹೊಳಪಿನಿಂದ ಟಂಕಿಸಿದ್ದನ್ನು, ಅದರ ಪ್ಲಾಸ್ಟಿಕ್ ಕ್ಯಾಪ್ಸೂಲಿನಿಂದ ಹೊರತೆಗೆಯಬೇಡ, ಕನ್ನಡಿಯಂಥ ಮೈಮೇಲೆ ಬೆರಳಚ್ಚು ಕೂತರೆ ಹೋಗುವುದಿಲ್ಲ. ಪೆಟ್ಟಿಗೆ, ಕಾರ್ಡು, ರಸೀದಿ ಮೂರನ್ನೂ ಜೋಪಾನ ಮಾಡು. ಮುಂದೆ ಮಾರುವಾಗ ಪೆಟ್ಟಿಗೆಯಿಲ್ಲದ ನಾಣ್ಯಕ್ಕೆ ಕಡಿಮೆ ಕೇಳುತ್ತಾರೆ.

ದಸರಾ ರಜೆಗೆ ಬರುವಾಗ ಒಂದು ಪಟ್ಟಿ ತಾ: ನಾಯಕ, ಮುಖಬೆಲೆ, ಟಂಕಸಾಲೆ ಗುರುತು, ತೂಕ, ಕೊಂಡ ಬೆಲೆ. ನನ್ನ ಹತ್ತಿರ ಕಾಮರಾಜ್ ಮತ್ತು ಶಾಸ್ತ್ರಿ ಜೋಡಿ ಜೋಡಿಯಾಗಿವೆ. ನಿನ್ನಲ್ಲಿಲ್ಲದ ಗುರುತಿನವನ್ನು ಆರಿಸಿಕೊಂಡು ಹೋಗು.

ಇಂತಿ,
ನಿನ್ನ ದೊಡ್ಡಪ್ಪ